ನೀರಿನ ಬಗ್ಗಡತನ: ಭಟ್ಕಳ, ಹೊನ್ನಾವರ, ಕುಮಟಾ ಕರಾವಳಿಯ ಹಿನ್ನೆಲೆಯಲ್ಲಿ

ನೀರಿನಲ್ಲಿ ಕರಗದೆ ತೇಲಾಡುವ ಸಣ್ಣ ಕಣಗಳು ಬೆಳಕನ್ನು ನೇರವಾಗಿ ಹಾಯಗೊಡದೆ ಎಲ್ಲ ದಿಕ್ಕಿಗೂ ಚದುರಿಸುತ್ತವೆ. ಇದರಿಂದ ನೀರು ಮಸುಕಾಗಿ ಕಾಣುವ ಗುಣವೇ ಬಗ್ಗಡತನ. ಪ್ರಯೋಗಾಲಯಗಳಲ್ಲಿ, ನೀರು ಸರಬರಾಜು ಕಚೇರಿಗಳಲ್ಲಿ ಇದನ್ನು ಟರ್ಬಿಡಿಟಿ ಎನ್ನುತ್ತಾರೆ. ಮನೆಮಾತಿನಲ್ಲಿ ಕದಡು, ರಾಡಿ, ಕೆಂಪು ನೀರು. ಹೆಂಚಿನ ಮನೆಯ ಬೆಳಕಿಂಡಿಯಿಂದ ಇಳಿದ ಬಿಸಿಲುಕೋಲಿನಲ್ಲಿ ಧೂಳು ಹೊಳೆಯುವ ಹಾಗೆ ನೀರೊಳಗಿನ ಕಣವೂ ತನ್ನ ಮೇಲೆ ಬಿದ್ದ ಬೆಳಕನ್ನು ಪಕ್ಕಕ್ಕೆ ಎಸೆಯುತ್ತದೆ. ಕಣಗಳು ಹೆಚ್ಚಿದಷ್ಟೂ ಪಕ್ಕಕ್ಕೆ ಹೋಗುವ ಬೆಳಕು ಹೆಚ್ಚು, ಆಚೆ ದಾಟುವ ಬೆಳಕು ಕಡಿಮೆ.

ಬಗ್ಗಡತನ ಬೇರೆ, ಬಣ್ಣ ಬೇರೆ. ಘಟ್ಟದ ಕಾಡೊಳಗಿನ ಹಳ್ಳದಲ್ಲಿ ಎಲೆ ಕೊಳೆತು ಬಿಟ್ಟ ಸತ್ವದಿಂದ ನೀರು ಕಂದು ಬಣ್ಣಕ್ಕೆ ತಿರುಗಿದರೂ ತಳದ ಕಲ್ಲು ಸ್ಪಷ್ಟವಾಗಿ ಕಾಣುತ್ತದೆ. ಅಡಿಕೆ ಬೇಯಿಸಿದ ಚೊಗರನ್ನು ಶೋಧಿಸಿ ತೆಳುವಾಗಿ ನೀರಿಗೆ ಬೆರೆಸಿದರೂ ಹಾಗೆಯೇ. ಕರಗಿದ ವಸ್ತು ಬೆಳಕಿನ ಕೆಲವು ಬಣ್ಣಗಳನ್ನು ಹೀರಿಕೊಳ್ಳುತ್ತದೆಯೇ ಹೊರತು ಚದುರಿಸುವುದಿಲ್ಲ. ಉಪ್ಪು, ನೈಟ್ರೇಟ್ ಮುಂತಾದವು ಕರಗಿದರೆ ಬಣ್ಣವೂ ಬರುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಕಡಲಂಚಿನ ಬಾವಿಗೆ ಉಪ್ಪುನೀರು ನುಗ್ಗಿದಾಗ ನೀರು ತಿಳಿಯಾಗಿಯೇ ಇರುತ್ತದೆ, ಆದರೆ ಕುಡಿಯಲು ಬಾರದು. ರೋಗಾಣು ಸೇರಿದ ನೀರು ಕೂಡ ಕಣ್ಣಿಗೆ ನಿರ್ಮಲವಾಗಿ ಕಾಣಬಹುದು. ತಿಳಿನೀರೆಲ್ಲ ಶುದ್ಧವೆಂಬ ನಂಬಿಕೆ ಅಪಾಯಕಾರಿ. ಕದಡಿದ ನೀರೆಲ್ಲ ಕೆಟ್ಟದ್ದೆಂಬುದೂ ಪೂರ್ತಿ ನಿಜವಲ್ಲ. ಕಣಗಳು ಎಲ್ಲಿಂದ, ಯಾವ ಕಾಲದಲ್ಲಿ, ಯಾವ ಜಾಗಕ್ಕೆ ಬಂದವು ಎಂಬುದನ್ನು ಸೇರಿಸಿ ನೋಡಿದಾಗಲೇ ಬಗ್ಗಡತನಕ್ಕೆ ಅರ್ಥ ಬರುತ್ತದೆ. ಕರಾವಳಿಯ ಈ ಮೂರು ತಾಲ್ಲೂಕುಗಳಲ್ಲಿ ಹಳ್ಳ, ಹೊಳೆ, ಅಳಿವೆ, ಗಜನಿ (ಅಳಿವೆಯಂಚಿನ ಉಪ್ಪುನೀರಿನ ಗದ್ದೆ), ಬಾವಿ, ಕಡಲು ಎಲ್ಲವೂ ಕೆಲವೇ ಹರದಾರಿಗಳ ಒಳಗೆ ಸಿಗುವುದರಿಂದ ಈ ವ್ಯತ್ಯಾಸಗಳನ್ನು ಇಲ್ಲಿ ಚೆನ್ನಾಗಿ ಗುರುತಿಸಬಹುದು.

ಕಣಗಳ ಮೂಲ

ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳು ಸಹ್ಯಾದ್ರಿಗೂ ಅರಬ್ಬೀ ಸಮುದ್ರಕ್ಕೂ ನಡುವಿನ ಕಿರಿದಾದ ಪಟ್ಟಿಯಲ್ಲಿವೆ. ವರ್ಷಕ್ಕೆ 3,000 ಮಿ.ಮೀ. ದಾಟುವ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ನೆಲ ಬಹುಮಟ್ಟಿಗೆ ಚಿರೆಕಲ್ಲಿನದು, ಅಂದರೆ ಲ್ಯಾಟರೈಟ್. ಲಕ್ಷಾಂತರ ವರ್ಷಗಳ ಮಳೆಗೆ ಬಂಡೆಯ ಕರಗುವ ಅಂಶಗಳೆಲ್ಲ ತೊಳೆದುಹೋಗಿ ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳು ಉಳಿದದ್ದರಿಂದ ಆದ ಮಣ್ಣು ಇದು. ಮಳೆಗಾಲದ ಹೊಳೆಯ ಕೆಂಪಿಗೆ ಈ ಕಬ್ಬಿಣವೇ ಕಾರಣ.

ಮಣ್ಣನ್ನು ಮೊದಲು ಸಡಿಲಿಸುವುದು ಹರಿಯುವ ನೀರಿಗಿಂತ ಹೆಚ್ಚಾಗಿ ಬೀಳುವ ಹನಿ. ಬರಿನೆಲಕ್ಕೆ ಬಡಿದ ದಪ್ಪ ಹನಿ ಮಣ್ಣಿನ ಹೆಂಟೆಯನ್ನು ಒಡೆದು ಕಣಗಳನ್ನು ಸಿಡಿಸುತ್ತದೆ. ಆಮೇಲೆ ಹರಿನೀರು ಅವನ್ನು ಎತ್ತಿಕೊಂಡು ಹೋಗುತ್ತದೆ. ಬೇಸಿಗೆಯಿಡೀ ಒಣಗಿ ಪುಡಿಯಾದ ಮೇಲ್ಮಣ್ಣು, ರಸ್ತೆಯ ಧೂಳು, ದನದ ಸಗಣಿ, ಬಯಲಿನ ಹೊಲಸು ಎಲ್ಲವೂ ಮೊದಲ ಒಂದೆರಡು ಜೋರು ಮಳೆಗೆ ಒಟ್ಟಿಗೆ ಇಳಿಯುತ್ತವೆ. ಹರಿವಿಗೆ ಎದುರಾಗಿ ಹತ್ತುಮೀನು ಏರುವ ಆ ಹೊಸ ನೀರು ವರ್ಷದಲ್ಲೇ ಅತಿ ಬಗ್ಗಡದ ನೀರು, ರೋಗಾಣುಗಳ ಹೊರೆಯೂ ಅದರಲ್ಲೇ ಹೆಚ್ಚು. ಆಗಸ್ಟ್ ಹೊತ್ತಿಗೆ ಹೊಳೆ ಅಷ್ಟೇ ತುಂಬಿ ಹರಿದರೂ ಕೆಂಪು ತಗ್ಗಿರುತ್ತದೆ, ಏಕೆಂದರೆ ಸಡಿಲ ಮಣ್ಣು ಆಗಲೇ ಹೋಗಿರುತ್ತದೆ ಮತ್ತು ಹುಲ್ಲು ಬೆಳೆದು ನೆಲ ಮುಚ್ಚಿರುತ್ತದೆ. ಒಂದೇ ನೆರೆಯ ಒಳಗೂ ಈ ಲೆಕ್ಕವೇ ನಡೆಯುತ್ತದೆ. ಅನೇಕ ಹೊಳೆಗಳಲ್ಲಿ ಬಗ್ಗಡತನದ ಶಿಖರ ಬರುವುದು ನೀರಿನ ಮಟ್ಟ ಏರುತ್ತಿರುವಾಗ. ನೆರೆ ತುತ್ತತುದಿ ಮುಟ್ಟಿ ಇಳಿಯುವಾಗ ಅದೇ ಮಟ್ಟದ ನೀರಿನಲ್ಲಿ ಕಣ ಕಡಿಮೆ. ಆದುದರಿಂದ ಹೊಳೆಯಿಂದ ನೀರೆತ್ತುವ ಘಟಕ ಏರುನೆರೆಯ ಮೊದಲ ಕೆಲವು ತಾಸು ಪಂಪು ನಿಲ್ಲಿಸಿದರೆ ಶುದ್ಧೀಕರಣದ ಭಾರ ಬಹಳ ಕಡಿಮೆಯಾಗುತ್ತದೆ.

ನೆಲದ ಹೊದಿಕೆ ಇರುವಲ್ಲಿ ಹನಿಯ ಪೆಟ್ಟು ಮಣ್ಣಿಗೆ ತಾಗುವುದಿಲ್ಲ. ಅಡಿಕೆ ತೋಟಕ್ಕೆ ಹಾಸಿದ ಸೊಪ್ಪು, ಕಾಡಿನ ದರಕು, ಮರಗಳ ಕೆಳಗಿನ ಪೊದೆ ಈ ಕೆಲಸ ಮಾಡುತ್ತವೆ. ಹೊದಿಕೆ ಕಿತ್ತಲ್ಲಿ ಇದಕ್ಕೆ ವಿರುದ್ಧ. ಚಿರೆಕಲ್ಲು ಕ್ವಾರಿಯ ಪುಡಿ, ಮನೆ ಕಟ್ಟಲು ಕಡಿದ ದರೆ, ಗುಡ್ಡ ಸೀಳಿ ಅಗಲಿಸಿದ ರಾಷ್ಟ್ರೀಯ ಹೆದ್ದಾರಿ 66ರ ಇಕ್ಕೆಲ ಇವೆಲ್ಲ ಮಳೆಗೆ ಬರಿಮೈ ಒಡ್ಡಿದ ಜಾಗಗಳು. ಒಂದು ಗುಡ್ಡ ಜಾರಿದರೆ ವರ್ಷಗಟ್ಟಲೆ ಸವೆದು ಬರಬೇಕಿದ್ದ ಮಣ್ಣು ಕೆಲವು ನಿಮಿಷಗಳಲ್ಲಿ ಹಳ್ಳ ಸೇರುತ್ತದೆ. 2022ರ ಆಗಸ್ಟ್ 2ರಂದು ಭಾರಿ ಮಳೆಗೆ ಭಟ್ಕಳದ ಮುಟ್ಟಳ್ಳಿಯಲ್ಲಿ ಗುಡ್ಡ ಮನೆಯ ಮೇಲೆ ಕುಸಿದು ನಾಲ್ವರು ಸತ್ತರು. ಪಟ್ಟಣದ ತಗ್ಗು ಭಾಗಗಳಿಗೆ ಕೆಸರು ನೀರು ನುಗ್ಗಿತು. 2024ರ ಜುಲೈ 16ರಂದು ಕುಮಟಾಕ್ಕೆ ಹೊಂದಿದ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಜರಿದ ಗುಡ್ಡ ಗಂಗಾವಳಿ ನದಿಯೊಳಗೆ ಮಣ್ಣಿನ ದಿಬ್ಬವನ್ನೇ ಎಬ್ಬಿಸಿತು. ಮಣ್ಣಿನೊಡನೆ ನದಿಗೆ ಬಿದ್ದವರನ್ನೂ ಲಾರಿಯೊಂದನ್ನೂ ಹುಡುಕಲು ಇಳಿದ ಮುಳುಗುಗಾರರಿಗೆ ಸೆಳೆತದಷ್ಟೇ ದೊಡ್ಡ ಅಡ್ಡಿಯಾದದ್ದು ಆ ಬಗ್ಗಡ: ನೀರೊಳಗೆ ಕಣ್ಣು ಕೆಲಸ ಮಾಡದೆ ಕೈಯಿಂದ ತಡವಿ ನೋಡಬೇಕಾಯಿತು. ಲಾರಿ ಮೇಲೆ ಬಂದದ್ದು ಮಳೆ ಹಿಂದೆ ಸರಿಯುತ್ತಿದ್ದ ಸೆಪ್ಟೆಂಬರ್ 25ರಂದು, ಡ್ರೆಜರ್ ತರಿಸಿ ಮಣ್ಣು ತೆಗೆದ ಮೇಲೆ.

ಮಣ್ಣಲ್ಲದ ಕಣಗಳೂ ಇವೆ. ಭಟ್ಕಳ ಪೇಟೆಯ ನಡುವೆ ಹರಿಯುವ ಶರಾಬಿ ಹೊಳೆಯಂಥ ಪಟ್ಟಣದ ಹೊಳೆಗಳಲ್ಲಿ ಬೇಸಿಗೆಯ ಬಗ್ಗಡಕ್ಕೆ ಮಳೆಯ ಸಂಬಂಧವಿಲ್ಲ. ಅದು ಬೂದು ಅಥವಾ ಕಪ್ಪು ಬಣ್ಣದ್ದು. ಚರಂಡಿಯಿಂದ ಬಂದ ಕೊಳೆಯುವ ವಸ್ತು, ಸಾಬೂನಿನ ಅಂಶ, ಬ್ಯಾಕ್ಟೀರಿಯಾ ಅದರಲ್ಲಿರುತ್ತವೆ. ಕೆಂಪು ನೀರಿಗಿಂತ ಈ ನೀರಿಗೆ ಹೆಚ್ಚು ಹೆದರಬೇಕು, ಮಾಪಕದಲ್ಲಿ ಅಂಕಿ ಚಿಕ್ಕದಿದ್ದರೂ ಸರಿ. ನಿಂತ ಕೆರೆಗಳಲ್ಲಿ ಪಾಚಿಯ ಸೂಕ್ಷ್ಮಕಣಗಳು ನೀರನ್ನು ಹಸಿರಾಗಿಸುತ್ತವೆ. ಕೆಲವು ಕೊಳವೆಬಾವಿಗಳ ನೀರು ಎತ್ತುವಾಗ ತಿಳಿಯಾಗಿದ್ದು, ಬಕೆಟ್ಟಿನಲ್ಲಿ ಹೊತ್ತು ಕಳೆದಂತೆ ಹಳದಿಗೆಂಪಾಗಿ ಕದಡುತ್ತದೆ. ನೆಲದಡಿ ಕರಗಿದ್ದ ಕಬ್ಬಿಣ ಗಾಳಿಯ ಆಮ್ಲಜನಕ ತಾಗಿ ಕರಗದ ರೂಪ ತಾಳುವುದೇ ಇದಕ್ಕೆ ಕಾರಣ.

ಕಣದ ಗಾತ್ರ ಮತ್ತು ತಳ ಸೇರುವ ಹೊತ್ತು

ಕೊಡದಲ್ಲಿ ಹಿಡಿದಿಟ್ಟ ಹೊಳೆನೀರಿನ ಮರಳು ಕೂಡಲೇ ತಳ ಸೇರುತ್ತದೆ, ಕೆಂಪು ಮಾತ್ರ ಮರುದಿನವೂ ಉಳಿದಿರುತ್ತದೆ. ನಿಶ್ಚಲ ನೀರಿನಲ್ಲಿ ಕಣ ಇಳಿಯುವ ವೇಗ ಅದರ ವ್ಯಾಸದ ವರ್ಗಕ್ಕೆ ಅನುಗುಣ ಎಂದು ಸ್ಟೋಕ್ಸ್ ನಿಯಮ ಹೇಳುತ್ತದೆ: ವ್ಯಾಸ ಹತ್ತರಲ್ಲೊಂದು ಪಾಲಾದರೆ ವೇಗ ನೂರರಲ್ಲೊಂದು ಪಾಲಾಗುತ್ತದೆ. 0.1 ಮಿ.ಮೀ.ನ ನುಣ್ಣನೆ ಮರಳು ಒಂದು ಮೀಟರ್ ಇಳಿಯಲು ಸುಮಾರು 2 ನಿಮಿಷ ಸಾಕು. 0.01 ಮಿ.ಮೀ.ನ ಹೂಳಿನ ಕಣಕ್ಕೆ 3 ತಾಸು ಬೇಕು. 0.001 ಮಿ.ಮೀ.ನ ಜೇಡಿ ಕಣಕ್ಕೆ 12-13 ದಿನ. ಅದಕ್ಕಿಂತಲೂ ಹತ್ತುಪಟ್ಟು ಚಿಕ್ಕದಾದ ಕಣಕ್ಕೆ ಲೆಕ್ಕದ ಪ್ರಕಾರ ಮೂರು ವರ್ಷ ಮೀರುತ್ತದೆ. ವಾಸ್ತವದಲ್ಲಿ ನೀರಿನ ಅಣುಗಳ ತಾಕಲಾಟವೇ ಅದನ್ನು ತೇಲಿಸಿಟ್ಟಿರುತ್ತದೆ.

ಇಷ್ಟು ಸಣ್ಣ ಕಣಗಳು ಒಂದನ್ನೊಂದು ಅಂಟಿ ದೊಡ್ಡದಾಗಿ ಬೀಳಬಹುದಲ್ಲ ಎಂದರೆ ಅದಕ್ಕೂ ತಡೆಯಿದೆ. ಜೇಡಿಕಣದ ಮೈಮೇಲೆ ಸಾಮಾನ್ಯವಾಗಿ ಋಣ ವಿದ್ಯುದಂಶವಿರುತ್ತದೆ. ಒಂದೇ ಬಗೆಯ ವಿದ್ಯುದಂಶ ಹೊತ್ತ ಕಣಗಳು ಪರಸ್ಪರ ದೂಡುತ್ತವೆ. ಈ ದೂಡಾಟವನ್ನು ಮುರಿಯುವುದು ಒಂದು ಕಡೆ ಕಡಲಿನ ಉಪ್ಪು, ಇನ್ನೊಂದು ಕಡೆ ನೀರಿನ ಘಟಕದ ಪಟಿಕ. ಅಳಿವೆಯಲ್ಲಿ ಪ್ರಕೃತಿ ನಡೆಸುವ ಕೆಲಸವೂ ಶುದ್ಧೀಕರಣ ಘಟಕದ ಕೆಲಸವೂ ಮೂಲದಲ್ಲಿ ಒಂದೇ.

ಅಳತೆ

ಬಗ್ಗಡವನ್ನು ಅಳೆಯುವ ಅತ್ಯಂತ ಸರಳ ಸಾಧನ ಬಿಳಿ ತಟ್ಟೆ. ಇಟಲಿಯ ಪಾದ್ರಿ ಮತ್ತು ಖಗೋಳಜ್ಞ ಆಂಜೆಲೊ ಸೆಕ್ಕಿ 1865ರಲ್ಲಿ ಮೆಡಿಟರೇನಿಯನ್ ಕಡಲಿನಲ್ಲಿ ಹಡಗಿನಿಂದ ತಟ್ಟೆಗಳನ್ನು ಇಳಿಬಿಟ್ಟು, ಅವು ಕಣ್ಮರೆಯಾಗುವ ಆಳವನ್ನು ದಾಖಲಿಸಿದ. ಕೆರೆ ಮತ್ತು ಅಳಿವೆಗಳಲ್ಲಿ ಇಂದೂ ಬಳಸುವ ಸೆಕ್ಕಿ ತಟ್ಟೆ ಸುಮಾರು 20 ಸೆಂ.ಮೀ. ಅಗಲದ್ದು, ಕಪ್ಪು ಬಿಳುಪು ಕಾಲುಭಾಗಗಳಾಗಿ ಬಣ್ಣ ಹೊಡೆದದ್ದು. ಹಗ್ಗ, ಭಾರ, ಬಣ್ಣ ಇದ್ದರೆ ಯಾವ ಶಾಲೆಯಲ್ಲೂ ಇದನ್ನು ಮಾಡಿಕೊಳ್ಳಬಹುದು. ವಾರಕ್ಕೊಮ್ಮೆ ಒಂದೇ ಜಾಗದಲ್ಲಿ, ಒಂದೇ ಹೊತ್ತಿನಲ್ಲಿ, ಅಳಿವೆಯಾದರೆ ಉಬ್ಬರ ಇಳಿತದ ಒಂದೇ ಹಂತದಲ್ಲಿ ಅಳೆದ ಆಳಗಳು ಒಂದು ಮಳೆಗಾಲದೊಳಗೆ ಹೊಳೆಯ ನಡತೆಯನ್ನು ತಿಳಿಸುತ್ತವೆ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಳಕೆಗೆ ಬಂದ ಜಾಕ್ಸನ್ ಮಾಪಕದಲ್ಲಿ ಉದ್ದನೆಯ ಗಾಜಿನ ಕೊಳವೆಯ ಕೆಳಗೆ ಮೇಣದ ಬತ್ತಿ ಹಚ್ಚಿಟ್ಟು, ಮೇಲಿನಿಂದ ನೋಡುತ್ತ, ಜ್ವಾಲೆಯ ಆಕಾರ ಅಳಿಸಿಹೋಗುವ ತನಕ ನೀರು ಸುರಿಯಬೇಕಿತ್ತು. ಆಗಿನ ನೀರಿನ ಎತ್ತರವೇ ಅಳತೆ. 25 ಘಟಕಕ್ಕಿಂತ ಕಡಿಮೆ ಬಗ್ಗಡವನ್ನು ಇದರಿಂದ ಅಳೆಯಲಾಗುತ್ತಿರಲಿಲ್ಲ; ಕುಡಿಯುವ ನೀರಿನ ಸುರಕ್ಷತೆ ತೀರ್ಮಾನವಾಗುವುದೋ ಅದಕ್ಕಿಂತ ಬಹಳ ಕೆಳಗೆ. ಇಂದಿನ ನೆಫೆಲೋಮೀಟರ್ ದಾಟಿ ಬಂದ ಬೆಳಕಿನ ಬದಲು 90 ಡಿಗ್ರಿ ಕೋನದಲ್ಲಿ ಚದುರಿದ ಬೆಳಕನ್ನು ಅಳೆಯುವುದರಿಂದ ಅತಿ ಕಡಿಮೆ ಕಣವೂ ಗೊತ್ತಾಗುತ್ತದೆ. ಘಟಕದ ಹೆಸರು ಎನ್‌ಟಿಯು. 1926ರಲ್ಲಿ ರೂಪಿಸಿದ ಫಾರ್ಮಜಿನ್ ಎಂಬ ಬಿಳಿಯ ತೇಲುದ್ರವವನ್ನು ಇಟ್ಟುಕೊಂಡು ಮಾಪಕವನ್ನು ಸರಿಹೊಂದಿಸುತ್ತಾರೆ. ನೀರಿಗೆ ಬಣ್ಣವಿದ್ದಾಗ ಬರುವ ದೋಷ ತಪ್ಪಿಸಲು ಕೆಲವು ಮಾಪಕಗಳು 860 ನ್ಯಾನೋಮೀಟರ್‌ನ ಅವಕೆಂಪು ಬೆಳಕನ್ನು ಬಳಸುತ್ತವೆ.

ಬಗ್ಗಡತನವನ್ನು ತೇಲುಕಣಗಳ ತೂಕವೆಂದು ತಿಳಿಯಬಾರದು. ಒಂದು ಲೀಟರಿನಲ್ಲಿ 100 ಮಿ.ಗ್ರಾಂ ಮರಳಿಗಿಂತ 100 ಮಿ.ಗ್ರಾಂ ಜೇಡಿ ಎಷ್ಟೋ ಪಾಲು ಹೆಚ್ಚು ಬೆಳಕು ಚದುರಿಸುತ್ತದೆ. ಎನ್‌ಟಿಯು ಅಂಕಿಯಿಂದ ಮಣ್ಣಿನ ತೂಕ ಅಂದಾಜಿಸಬೇಕಾದರೆ ಆಯಾ ಹೊಳೆಯ ಮಾದರಿಗಳನ್ನು ಸೋಸಿ, ಒಣಗಿಸಿ, ತೂಗಿ ಸಂಬಂಧ ಕಟ್ಟಿಕೊಳ್ಳಬೇಕು. ಅಘನಾಶಿನಿಗೆ ಕಟ್ಟಿದ ಲೆಕ್ಕ ಶರಾವತಿಗೆ ಒಗ್ಗದು.

2019ರಲ್ಲಿ ಆರಂಭವಾದ ಜಲಜೀವನ ಮಿಷನ್, ಕರ್ನಾಟಕದಲ್ಲಿ 'ಮನೆ ಮನೆಗೆ ಗಂಗೆ', ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ಕ್ಷೇತ್ರ ಪರೀಕ್ಷಾ ಕಿಟ್ ಬಳಸುವ ತರಬೇತಿ ಕೊಡಬೇಕೆಂದು ಹೇಳುತ್ತದೆ. ಕಿಟ್ಟಿನ ಬಗ್ಗಡ ಪರೀಕ್ಷೆ ಕಣ್ಣಂದಾಜಿನದು. ಸುಮಾರು 4 ಎನ್‌ಟಿಯು ಮೀರಿದರೆ ಬರಿಗಣ್ಣಿಗೇ ತಿಳಿಯುತ್ತದೆ. ಒಂದರಿಂದ ನಾಲ್ಕರ ನಡುವಿನದು ತಿಳಿಯುವುದಿಲ್ಲ. ಅದಕ್ಕೆ ಪ್ರಯೋಗಾಲಯ ಬೇಕು.

ಹೊಳೆ, ಅಳಿವೆ, ಕಡಲು

ಸಿರಸಿಯ ಶಂಕರ ಹೊಂಡದಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಕುಮಟಾ ತಾಲ್ಲೂಕಿನ ತದಡಿ ಮತ್ತು ಅಘನಾಶಿನಿ ಊರುಗಳ ನಡುವೆ ಕಡಲು ಸೇರುವ ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ. ಘಟ್ಟದ ಮಣ್ಣು, ಎಲೆಗೊಬ್ಬರ, ಮರಳು ಎಲ್ಲವೂ ಮಳೆಗಾಲದಲ್ಲಿ ಅಡೆತಡೆಯಿಲ್ಲದೆ ಅಳಿವೆಗೆ ಇಳಿಯುತ್ತವೆ. ಉಪ್ಪುನೀರು ತಾಗಿದೊಡನೆ ಜೇಡಿಕಣಗಳು ಗುಂಪುಗೂಡಿ ತಳ ಸೇರುತ್ತವೆ. ಸಿಹಿನೀರು ಉಪ್ಪುನೀರು ಬೆರೆಯುವ ಪಟ್ಟಿಯಲ್ಲಿ, ಉಬ್ಬರ ಇಳಿತಗಳು ಕೆಸರನ್ನು ಮತ್ತೆ ಮತ್ತೆ ಎಬ್ಬಿಸುವುದರಿಂದ, ಬಗ್ಗಡ ಸಾಮಾನ್ಯವಾಗಿ ಅತಿ ಹೆಚ್ಚು. ಪಟ್ಟಿಯ ಸ್ಥಾನ ಋತುವಿನೊಂದಿಗೆ ಮೇಲೆ ಕೆಳಗೆ ಸರಿಯುತ್ತದೆ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರುಗಳ ನಡುವೆ ನೀರಿನ ವೇಗ ತಗ್ಗಿ ಕೆಸರು ಕೂರುತ್ತದೆ. ಮಾಣಿಕಟ್ಟಾ ಮುಂತಾದ ಕಡೆಯ ಗಜನಿಗಳಲ್ಲಿ ಉಪ್ಪು ತಾಳುವ ಕಗ್ಗ ಭತ್ತ ಬೆಳೆದುಬಂದದ್ದು ಈ ಹೂಳಿನ ಸಾರದ ಮೇಲೆ. ಭತ್ತ ಕೊಯ್ದ ಮೇಲೆ ಅದೇ ಗದ್ದೆಗೆ ಉಪ್ಪುನೀರು ಬಿಟ್ಟರೆ ಸಿಗಡಿ, ಮೀನು. ಇಲ್ಲಿ ಬಗ್ಗಡವೆಂದರೆ ಬದುಕು; ಅದನ್ನು ತಡೆದು ಹೊಳೆಯನ್ನು ತಿಳಿಗೊಳಿಸುವ ಯೋಜನೆ ಯಾವುದೇ ಬಂದರೂ ಊರಿನ ಅನ್ನಕ್ಕೆ ಕೈ ಹಾಕಿದಂತೆ.

ಅಘನಾಶಿನಿ ಅಳಿವೆ ಚಿಪ್ಪುಜೀವಿಗಳಿಗೆ ಹೆಸರಾಗಿದೆ. ಬಳಚು ಮತ್ತಿತರ ಚಿಪ್ಪುಗಳನ್ನು ಇಳಿತದ ಹೊತ್ತಿಗೆ ಹೆಕ್ಕಿ ಬದುಕುವ ಕುಟುಂಬಗಳು ಇಲ್ಲಿ ಬಹಳ. ಈ ಜೀವಿಗಳು ನೀರನ್ನು ಒಳಗೆಳೆದು, ಕಿವಿರಿನಲ್ಲಿ ಸೋಸಿ, ತಿನ್ನುವ ಕಣವನ್ನು ಇಟ್ಟುಕೊಂಡು ಉಳಿದುದನ್ನು ಲೋಳೆಯಲ್ಲಿ ಸುತ್ತಿ ತಳಕ್ಕೆ ಬಿಡುತ್ತವೆ. ಹೀಗೆ ಅವೇ ಅಳಿವೆಯ ನೀರನ್ನು ತಿಳಿಗೊಳಿಸುತ್ತವೆ. ಬಗ್ಗಡ ಒಂದು ಮಿತಿ ಮೀರಿದರೆ ಕಿವಿರು ಕಟ್ಟಿ ಅವು ಚಿಪ್ಪು ಮುಚ್ಚಿಕೊಂಡು ಉಪವಾಸ ಬೀಳುತ್ತವೆ. ಋತುಮಾನದ ಕೆಂಪಿಗೆ ಅವು ಹೊಂದಿಕೊಂಡಿವೆ, ಆದರೆ ಬೇಸಿಗೆಯಲ್ಲಿ ಮರಳು ತೆಗೆಯಲು ತಳ ಕಲಕಿದರೆ ಎದ್ದ ಕೆಸರಿಗೆ ಹೊಂದಿಕೊಳ್ಳಲು ಅವಕ್ಕೆ ಬಿಡುವಿಲ್ಲ. ಎಳೆ ಮರಿಗಳು ಹೂಳಿನಡಿ ಸಿಕ್ಕಿ ಸಾಯುತ್ತವೆ. 4,801 ಹೆಕ್ಟೇರ್ ವಿಸ್ತಾರದ ಈ ಅಳಿವೆಗೆ 2024ರ ಜನವರಿಯಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್ಸರ್ ಪಟ್ಟಿಯಲ್ಲಿ ಸ್ಥಾನ ಸಿಕ್ಕಿತು.

ಹೊನ್ನಾವರದ ಶರಾವತಿಯ ಕಥೆ ಬೇರೆ. 1964ರಲ್ಲಿ ಮುಗಿದ ಲಿಂಗನಮಕ್ಕಿ, ಆಮೇಲಿನ ಗೇರುಸೊಪ್ಪ ಅಣೆಕಟ್ಟುಗಳ ಹಿನ್ನೀರಿನಲ್ಲಿ ಮೇಲಿನ ಮಣ್ಣು ಮರಳು ನಿಂತುಬಿಡುತ್ತದೆ. ವಿದ್ಯುತ್ ಉತ್ಪಾದಿಸಿ ಬಿಟ್ಟ ನೀರು ವರ್ಷವಿಡೀ ಕೆಳಗೆ ಹರಿಯುತ್ತದೆ, ಬಹುಪಾಲು ತಿಳಿಯಾಗಿ. ಕುಡಿಯುವ ನೀರೆತ್ತುವವರಿಗೆ ಇದು ಅನುಕೂಲ. ಅಳಿವೆಯ ಮಟ್ಟಿಗೆ ಹಾಗಲ್ಲ: ಬೇಸಿಗೆಯಲ್ಲೂ ಸಿಹಿನೀರು ಬರುತ್ತಿರುವುದರಿಂದ ಉಪ್ಪಿನಂಶ ತಗ್ಗಿ, ಶರಾವತಿಯ ಅಳಿವೆಯಲ್ಲಿ ಚಿಪ್ಪುಜೀವಿಗಳು ಅಘನಾಶಿನಿಗಿಂತ ಬಹಳ ಕಡಿಮೆಯಾಗಿವೆ ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನಗಳು ತೋರಿಸಿವೆ. ಅಣೆಕಟ್ಟಿನ ಕೆಳಗೆ ಸೇರುವ ಹಳ್ಳಗಳಿಂದ ಮಳೆಗಾಲದಲ್ಲಿ ಶರಾವತಿಯೂ ಕೆಂಪಾಗುತ್ತದೆ. ನೀರಿನ ತಿಳಿತನವೊಂದನ್ನೇ ನೋಡಿ ಹೊಳೆಯ ಆರೋಗ್ಯ ಹೇಳಲಾಗದು ಎಂಬುದಕ್ಕೆ ಅಕ್ಕಪಕ್ಕದ ಈ ಎರಡು ಹೊಳೆಗಳಿಗಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ.

ಹೊಳೆಗಳು ಹೊತ್ತು ತಂದ ಕೆಸರು, ಮಳೆಗಾಲದ ಅಲೆ ಎಬ್ಬಿಸಿದ ತಳದ ಹೂಳು ಎರಡೂ ಸೇರಿ ಜೂನ್‌ನಿಂದ ದಡದ ಕಡಲು ಕಂದಾಗುತ್ತದೆ. ಭಟ್ಕಳ ತಾಲ್ಲೂಕಿನ ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗುವ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ. ಹವಳದೊಳಗೆ ವಾಸಿಸುವ ಪಾಚಿಗೆ ಬೆಳಕು ಬೇಕು. ಕೆಸರು ಮೈಮೇಲೆ ಕೂತರೆ ಹವಳ ಅದನ್ನು ತೊಳೆದುಕೊಳ್ಳಲು ಶಕ್ತಿ ವ್ಯಯಿಸಬೇಕಾಗುತ್ತದೆ. ದಡದ ಹೊಳೆಬಾಯಿಗಳಿಂದ ದೂರವಿರುವುದು ಅವುಗಳ ಪುಣ್ಯ. ಅಲ್ಲಿನ ಸ್ಕೂಬಾ ಮುಳುಗಾಟ ಮಳೆಗಾಲ ಕಳೆದ ಮೇಲೆ ನಡೆಯುವುದಕ್ಕೆ ಅಲೆಯಷ್ಟೇ ನೀರೊಳಗಿನ ನೋಟವೂ ಕಾರಣ. ಮಳೆ ನಿಂತ ಮೇಲೂ ಕೆಲವೊಮ್ಮೆ ಈ ಕಡಲು ಹಸಿರಾಗಿ ಕದಡಿ ರಾತ್ರಿ ಹೊಳೆಯುವುದುಂಟು. ಅದು ನಾಕ್ಟಿಲ್ಯೂಕಾ ಎಂಬ ಸೂಕ್ಷ್ಮಜೀವಿಯ ಹೆಚ್ಚಳ, ಮಣ್ಣಿಗೂ ಅದಕ್ಕೂ ಸಂಬಂಧವಿಲ್ಲ.

ಬಾವಿಯ ಕದಡು

ಕರಾವಳಿಯ ಬಹುಪಾಲು ಮನೆಗಳಿಗೆ ಸ್ವಂತ ಬಾವಿಯಿದೆ. ಚಿರೆಕಲ್ಲಿನ ತೂತುಗಳಲ್ಲಿ ಸೋಸಿ ಬಂದ ನೀರು ಸಾಮಾನ್ಯವಾಗಿ ತಿಳಿ. ಚಿರೆಯ ಕೆಳಗೆ ಮಾತ್ರ ಶೇಡಿ ಮಣ್ಣಿನ ಪದರವಿರುತ್ತದೆ. ಬಿಳಿಯ, ಹಳದಿಯ, ಕೆಲವೊಮ್ಮೆ ನಸುಗೆಂಪಿನ ನುಣುಪು ಜೇಡಿ ಅದು. ಬಾವಿ ಈ ಪದರಕ್ಕೆ ಇಳಿದಿದ್ದು ಕಲ್ಲು ಕಟ್ಟದೆ ಬಿಟ್ಟಿದ್ದರೆ, ನೀರು ಏರಿದಾಗ ಶೇಡಿ ಕದಡಿ ಬಾವಿ ಬೆಳ್ಳಗೆ ಮಸುಕಾಗುತ್ತದೆ. ಶೇಡಿಯ ಕಣ ಅತಿ ಸೂಕ್ಷ್ಮವಾದ್ದರಿಂದ ಬಟ್ಟೆಯಲ್ಲಿ ನಿಲ್ಲುವುದಿಲ್ಲ, ವಾರ ಕಾದರೂ ತಳ ಸೇರುವುದಿಲ್ಲ. ಆ ಭಾಗಕ್ಕೆ ಕಲ್ಲಿನ ಅಥವಾ ಕಾಂಕ್ರೀಟ್ ಬಳೆಯ ಕಟ್ಟಡ ಕೊಟ್ಟು, ಹಿಂಬದಿಗೆ ಜಲ್ಲಿ ಮರಳು ತುಂಬುವುದು ಸರಿಯಾದ ಪರಿಹಾರ.

ಶೇಡಿಯ ಬಿಳುಪು ಋತುವಿಗೆ ತಕ್ಕಂತೆ ನಿಧಾನವಾಗಿ ಬಂದು ನಿಧಾನವಾಗಿ ಹೋಗುತ್ತದೆ. ಜೋರು ಮಳೆ ಬಂದ ಕೆಲವೇ ತಾಸಿನಲ್ಲಿ ಬಾವಿ ಕೆಂಪಾದರೆ ಅದು ಬೇರೆ ಸೂಚನೆ: ಅಂಗಳದ ನೀರು ಕಟ್ಟೆಯ ಬಿರುಕಿನಿಂದಲೋ ಸವೆದ ದಂಡೆಯಿಂದಲೋ ಸೋಸದೆ ನೇರವಾಗಿ ಇಳಿಯುತ್ತಿದೆ. ಮಣ್ಣು ಬರುವ ದಾರಿಯಲ್ಲಿ ಕೊಟ್ಟಿಗೆಯ ನೀರೂ ಶೌಚಗುಂಡಿಯ ನೀರೂ ಬರಬಹುದು. ಚಿರೆಕಲ್ಲಿನ ದೊಡ್ಡ ರಂಧ್ರಗಳ ಮೂಲಕ ಕೊಳಚೆ ಬೇಗ ಹರಿಯುವುದರಿಂದ ಒತ್ತೊತ್ತಾಗಿ ಮನೆಗಳಿರುವ ಪಟ್ಟಣದ ಕೇರಿಗಳಲ್ಲಿ ಈ ಸೂಚನೆಯನ್ನು ಕಡೆಗಣಿಸಲೇಬಾರದು.

ಕುಡಿಯುವ ನೀರಿನಲ್ಲಿ ಬಗ್ಗಡತನ ಏಕೆ ಮುಖ್ಯ

ಮಣ್ಣಿನ ಕಣ ಹೊಟ್ಟೆಗೆ ಹೋದರೆ ತಾನಾಗಿ ಆಗುವ ಕೇಡು ಕಡಿಮೆ. ಕೇಡು ಇರುವುದು ಅದು ಹೊತ್ತು ತರುವ ಮತ್ತು ಅಡಗಿಸಿಡುವ ಜೀವಿಗಳಲ್ಲಿ. ಬ್ಯಾಕ್ಟೀರಿಯಾ, ವೈರಸ್ಸುಗಳು ಕಣಗಳ ಮೈಗೆ ಅಂಟಿಕೊಳ್ಳುತ್ತವೆ. ಕ್ಲೋರಿನ್ ಹಾಕಿದಾಗ ಕಣದ ಬಿರುಕಿನೊಳಗಿನ ಜೀವಿಗೆ ಅದು ತಲುಪುವುದಿಲ್ಲ; ಜೊತೆಗೆ ಕಣದಲ್ಲಿನ ಸಾವಯವ ವಸ್ತು ಕ್ಲೋರಿನ್ನನ್ನು ತಾನೇ ಖರ್ಚು ಮಾಡುತ್ತದೆ, ಕೆಲವು ಅನಪೇಕ್ಷಿತ ಸಂಯುಕ್ತಗಳನ್ನೂ ಹುಟ್ಟಿಸುತ್ತದೆ. ನೇರಳಾತೀತ ದೀಪದ ಶುದ್ಧಕಗಳಲ್ಲೂ ಕಣದ ನೆರಳು ರೋಗಾಣುವನ್ನು ಉಳಿಸುತ್ತದೆ. ಆದ್ದರಿಂದಲೇ ಭಾರತೀಯ ಮಾನಕ ಐಎಸ್ 10500:2012 ಕುಡಿಯುವ ನೀರಿಗೆ 1 ಎನ್‌ಟಿಯು ಸ್ವೀಕಾರಾರ್ಹ ಮಿತಿಯೆಂದೂ, ಬೇರೆ ಮೂಲವಿಲ್ಲದಾಗ ಮಾತ್ರ 5 ಎನ್‌ಟಿಯುವರೆಗೆ ಅನುಮತಿಸಬಹುದೆಂದೂ ಹೇಳುತ್ತದೆ. ರೋಗಾಣುನಾಶಕ್ಕೆ ಮುಂಚೆ 1 ಎನ್‌ಟಿಯುಗಿಂತ ಕೆಳಗಿರಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯೂ ಹೌದು.

ಇಷ್ಟು ಚಿಕ್ಕ ಅಂಕಿಗಳಿಗೆ ಏಕೆ ತಲೆ ಕೆಡಿಸಿಕೊಳ್ಳಬೇಕು ಎಂಬುದಕ್ಕೆ ಅಮೆರಿಕದ ಮಿಲ್ವಾಕೀ ನಗರದ 1993ರ ಅನುಭವ ಉತ್ತರ. ಅಲ್ಲಿನ ಒಂದು ಶುದ್ಧೀಕರಣ ಘಟಕದಿಂದ ಹೊರಬಂದ ನೀರಿನ ಬಗ್ಗಡ ಕೆಲವು ದಿನ 1.7 ಎನ್‌ಟಿಯುವರೆಗೆ ಏರಿತು. ಲೋಟದಲ್ಲಿ ಹಿಡಿದರೆ ಯಾರಿಗೂ ಕಾಣದಷ್ಟು ಅದು. ಕ್ಲೋರಿನ್‌ಗೆ ಸುಲಭವಾಗಿ ಸಾಯದ ಕ್ರಿಪ್ಟೋಸ್ಪೋರಿಡಿಯಂ ಎಂಬ ಪರಾವಲಂಬಿ ಅದರೊಡನೆ ನಲ್ಲಿಗಳಿಗೆ ಹೋಯಿತು. ಸುಮಾರು 4,03,000 ಜನರಿಗೆ ಭೇದಿ ಹಿಡಿಯಿತೆಂದು ಅಂದಾಜಾಯಿತು. ಬಗ್ಗಡದ ಅಂಕಿಯಲ್ಲಿ ಹಠಾತ್ ಏರಿಕೆ ಕಂಡರೆ ಅಂಕಿ ಮಿತಿಯೊಳಗಿದ್ದರೂ ಸೋಸುಪದರ ಸೋತಿದೆ ಎಂದೇ ಭಾವಿಸಿ ತಪಾಸಣೆ ಮಾಡುವ ಪದ್ಧತಿ ಆಮೇಲೆ ಬಿಗಿಯಾಯಿತು.

ತಿಳಿಗೊಳಿಸುವ ಕ್ರಮಗಳು

ಕುಮಟಾ, ಹೊನ್ನಾವರ ಪಟ್ಟಣಗಳಿಗೆ ಅಘನಾಶಿನಿಯ ಮರಾಕಲ್‌ನಿಂದಲೂ ಭಟ್ಕಳಕ್ಕೆ ಕಡವಿನಕಟ್ಟೆಯಿಂದಲೂ ನೀರೆತ್ತುವ ಯೋಜನೆಗಳಿವೆ. ಇಂಥ ಹೊಳೆನೀರನ್ನು ತಿಳಿಗೊಳಿಸುವ ಘಟಕಗಳಲ್ಲಿ ಮೊದಲ ಹೆಜ್ಜೆ ಪಟಿಕ, ಅಂದರೆ ಆಲಂ. ಅದರ ಅಲ್ಯೂಮಿನಿಯಂ ಜೇಡಿಕಣಗಳ ಋಣಾಂಶವನ್ನು ತಣಿಸುತ್ತದೆ. ನಿಧಾನವಾಗಿ ಕಲಕಿದಾಗ ಕಣಗಳು ಹತ್ತಿಯೆಳೆಯಂಥ ಉಂಡೆಗಳಾಗಿ ಕೂಡಿ ತಳ ಸೇರುತ್ತವೆ. ಪಟಿಕ ಕೆಲಸ ಮಾಡಲು ನೀರಿನಲ್ಲಿ ಕ್ಷಾರಗುಣ ಬೇಕು. ಸುಣ್ಣಕಲ್ಲಿಲ್ಲದ ಪಶ್ಚಿಮಘಟ್ಟದಿಂದ ಬರುವ ಹೊಳೆಗಳ ಮೃದು ನೀರಿನಲ್ಲಿ ಅದು ಕಡಿಮೆ. ಹಾಗಾಗಿ ಅನೇಕ ಕಡೆ ಸುಣ್ಣವನ್ನೂ ಸೇರಿಸಬೇಕಾಗುತ್ತದೆ. ಪಟಿಕ ಎಷ್ಟು ಹಾಕಬೇಕೆಂಬುದಕ್ಕೆ ಸ್ಥಿರ ಸೂತ್ರವಿಲ್ಲ. ಸಾಲಾಗಿಟ್ಟ ಜಾಡಿಗಳಲ್ಲಿ ಬೇರೆ ಬೇರೆ ಪ್ರಮಾಣ ಹಾಕಿ ಕಲಕಿ ನೋಡುವ ಜಾರ್ ಟೆಸ್ಟನ್ನು ಮಳೆಗಾಲದಲ್ಲಿ ದಿನಕ್ಕೊಮ್ಮೆಯಲ್ಲ, ಹೊಳೆಯ ಬಣ್ಣ ಬದಲಾದಾಗೆಲ್ಲ ಮಾಡಬೇಕು. ಹೆಚ್ಚಾದರೆ ನೀರಿನಲ್ಲಿ ಅಲ್ಯೂಮಿನಿಯಂ ಉಳಿಯುತ್ತದೆ, ಕಡಿಮೆಯಾದರೆ ಸೋಸುಪದರ ಬೇಗ ಕಟ್ಟಿಕೊಳ್ಳುತ್ತದೆ. ತಳ ಸೇರದೆ ಉಳಿದ ಸಣ್ಣ ಉಂಡೆಗಳನ್ನು ಮರಳಿನ ಪದರ ಹಿಡಿಯುತ್ತದೆ. ಅದನ್ನು ಹಿಮ್ಮುಖ ನೀರಿನಿಂದ ಆಗಾಗ ತೊಳೆಯಬೇಕು. ಆಮೇಲೆ ಕ್ಲೋರಿನ್, ಬಳಕೆದಾರನ ನಲ್ಲಿಯಲ್ಲೂ ಲೀಟರಿಗೆ 0.2 ಮಿ.ಗ್ರಾಂ ಉಳಿದಿರಬೇಕು.

ಪಟಿಕಕ್ಕಿಂತ ಹಳೆಯದು ಚಿಲ್ಲದ ಬೀಜ. ಕತಕವೆಂದು ಸಂಸ್ಕೃತದಲ್ಲಿ ಕರೆಯುವ ಇದನ್ನು ಸುಶ್ರುತ ಸಂಹಿತೆ ನೀರು ತಿಳಿಗೊಳಿಸುವ ವಸ್ತುಗಳಲ್ಲಿ ಸೇರಿಸಿದೆ. ಮಡಕೆಯ ಒಳಮೈಗೆ ಬೀಜ ತೇದು ನೀರು ತುಂಬುತ್ತಿದ್ದರು. ನುಗ್ಗೆ ಬೀಜದ ಪುಡಿಯಲ್ಲಿರುವ ಧನಾಂಶದ ಪ್ರೋಟೀನೂ ಹೀಗೇ ಕೆಲಸ ಮಾಡುತ್ತದೆ. ಎರಡೂ ಬಗ್ಗಡವನ್ನು ಚೆನ್ನಾಗಿ ತಗ್ಗಿಸುತ್ತವೆ, ಆದರೆ ರೋಗಾಣುವನ್ನು ಪೂರ್ತಿ ಕೊಲ್ಲುವುದಿಲ್ಲ. ಬೀಜದ ಸಾವಯವ ಅಂಶ ಉಳಿಯುವುದರಿಂದ ನೀರನ್ನು ಅದೇ ದಿನ ಕುದಿಸಿ ಬಳಸಬೇಕು. ಬಟ್ಟೆಯಲ್ಲಿ ಸೋಸುವ ರೂಢಿಯನ್ನೂ ಹಗುರವಾಗಿ ಕಾಣಬೇಕಿಲ್ಲ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹಳೆಯ ಹತ್ತಿ ಸೀರೆಯನ್ನು ನಾಲ್ಕು ಪದರ ಮಡಿಸಿ ಸೋಸಿದಲ್ಲಿ ಕಾಲರಾ ಸುಮಾರು 48% ತಗ್ಗಿತೆಂದು 2003ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಕಾಲರಾ ಬ್ಯಾಕ್ಟೀರಿಯಾ ಹೆಚ್ಚಾಗಿ ಸಣ್ಣ ನೀರುಜೀವಿಗಳಿಗೆ ಅಂಟಿರುತ್ತದೆ, ಅವು ಬಟ್ಟೆಯಲ್ಲಿ ನಿಲ್ಲುತ್ತವೆ. ಒಂಟಿ ಬ್ಯಾಕ್ಟೀರಿಯಾ, ಜೇಡಿಕಣ, ವೈರಸ್ ನಿಲ್ಲುವುದಿಲ್ಲ.

ಘಟಕದಿಂದ ತಿಳಿಯಾಗಿ ಹೊರಟ ನೀರು ನಲ್ಲಿಯಲ್ಲಿ ಕೆಂಪಾಗಿ ಬರುವುದಕ್ಕೆ ಕೊಳವೆಗಳೇ ಕಾರಣ. ದಿನ ಬಿಟ್ಟು ದಿನ ನೀರು ಬಿಡುವಲ್ಲಿ ಖಾಲಿ ಕೊಳವೆಯ ಒಳಗೆ ಒತ್ತಡ ತಗ್ಗಿ, ಕೂಡುಗಳ ಬಿರುಕಿನಿಂದ ಹೊರಗಿನ ಕೆಸರುನೀರು ಒಳಸೇರುತ್ತದೆ. ನೀರು ಬಿಟ್ಟಾಗ ಮೊದಲ ರಭಸಕ್ಕೆ ತುಕ್ಕು ಮತ್ತು ಹೂಳು ಎದ್ದು ಬರುತ್ತವೆ. ಮೊದಲ ಕೆಲವು ನಿಮಿಷದ ನೀರನ್ನು ಕುಡಿಯಲು ಹಿಡಿಯದೆ ಗಿಡಕ್ಕೆ ಬಿಡುವುದು ಒಳ್ಳೆಯದು. ಓವರ್‌ಹೆಡ್ ಟ್ಯಾಂಕನ್ನು ಮಳೆಗಾಲಕ್ಕೆ ಮುಂಚೆ ತೊಳೆಸಬೇಕು.

ನೆರೆ ನುಗ್ಗಿದ ಬಾವಿಗೆ ಬ್ಲೀಚಿಂಗ್ ಪುಡಿ ಹಾಕುವಾಗ ಆಗುವ ಸಾಮಾನ್ಯ ತಪ್ಪೆಂದರೆ ಕದಡು ಇಳಿಯುವ ಮೊದಲೇ ಹಾಕುವುದು. ಸಾಧ್ಯವಾದರೆ ಮೊದಲು ಪಂಪಿನಿಂದ ನೀರು ತೆಗೆದು ಹೊಸ ಒಸರು ಬರಲು ಬಿಡಬೇಕು. ತಿಳಿಯಾದ ಬಾವಿಗೆ ಸಾವಿರ ಲೀಟರಿಗೆ 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿಯ ಲೆಕ್ಕ ಸಾಮಾನ್ಯವಾಗಿ ಸಾಕು. ಕದಡಿದ ಬಾವಿಯಲ್ಲಿ ಅಷ್ಟು ಹಾಕಿದರೆ ಕೆಸರೇ ಅದನ್ನು ನುಂಗಿಬಿಡುತ್ತದೆ. ಪುಡಿಯನ್ನು ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳ ಸೇರಿದ ಮೇಲೆ ಮೇಲಿನ ತಿಳಿಯನ್ನು ಮಾತ್ರ ಬಾವಿಗೆ ಇಳಿಸಿ, ಒಂದು ತಾಸು ಕಾದು, ಉಳಿದ ಕ್ಲೋರಿನ್ ಲೀಟರಿಗೆ 0.5 ಮಿ.ಗ್ರಾಂ ಇದೆಯೇ ಎಂದು ಕಿಟ್ಟಿನಲ್ಲಿ ನೋಡಬೇಕು. ಇಲ್ಲದಿದ್ದರೆ ಮತ್ತೆ ಹಾಕಬೇಕು. ಬಾವಿ ಪೂರ್ತಿ ತಿಳಿಯಾಗುವ ತನಕ ಕುಡಿಯುವ ನೀರನ್ನು ಸೋಸಿ, ಗುಳ್ಳೆಯೆದ್ದು ಮರಳಿದ ಮೇಲೆ ಕನಿಷ್ಠ ಒಂದು ನಿಮಿಷ ಕುದಿಸಿ, ಮುಚ್ಚಿಟ್ಟ ಪಾತ್ರೆಯಲ್ಲಿ ಇಡಬೇಕು.